ಸ್ಟಾಂಪ್ ಪೇಪರ್ ಮೇಲಿನ ಬಿಡುಗಡೆ

ಬೇಸರ ತರಿಸುವ ಕೇಸುಗಳು ವಕೀಲರಿಗೆ ಹೊಸದಲ್ಲ. ಮೈಗೆ ಹೇಸಿಗೆ ಅಂಟಿಸಿಕೊಂಡು ಮನೆಗೆ ಹೋಗುವಂಥ ಕೇಸು ಮಾತ್ರ ನನಗೆ ಇದೊಂದೇ ಸಿಕ್ಕಿದ್ದು, ಅದೂ ನಮ್ಮ ಕನ್ನಡದವರ ಕಡೆಯಿಂದಲೇ.

ಅಹಮದಾಬಾದಿನ ನವರಂಗಪುರದಲ್ಲಿರುವ ನನ್ನ ಆಫೀಸಿಗೆ ವಡೋದರಾದಿಂದ ತಂದೆ, ಮಗಳು ಬಂದಿದ್ದರು. ತಂದೆ ಉಡುಪಿ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಮಗಳು ಅಲ್ಲಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಅದೇ ಶಾಲೆಯ ಮೇಷ್ಟ್ರೊಬ್ಬರು, ಹೆಂಡತಿಯನ್ನು ಕಳೆದುಕೊಂಡವರು, ಆಕೆಯನ್ನು ಮದುವೆಯಾಗಲು ಒಪ್ಪಿದ್ದರು. ಇಬ್ಬರೂ ಮದುವೆ ನೋಂದಾಯಿಸಲು ಹೋದಾಗ ಕೌಂಟರಿನ ಗುಮಾಸ್ತ ಆಕೆಯ ಮೊದಲ ಮದುವೆಯ ಡೈವೋರ್ಸ್ ಡಿಕ್ರಿ ಕೇಳಿದ. ಟೀಚರ್ ಒಂದು ಸ್ಟಾಂಪ್ ಪೇಪರ್ ಕೊಟ್ಟರು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ತಳ್ಳಿದ. ಆ ಪೇಪರ್ ಈಗ ನನ್ನ ಮೇಜಿನ ಮೇಲಿತ್ತು.

"ಇದು ಛೂಟಾಛೇಡಾ," ಎಂದರು ತಂದೆ. "ನೋಟರಿ ಸೀಲ್ ಉಂಟು ನೋಡಿ. ಸಾಕ್ಷಿಗಳ ಸಹಿಯೂ ಉಂಟು."

"ಸೀಲ್ ಅದ, ಸಹಿ ಅದ, ಬಿಡುಗಡೀನ ಇಲ್ಲ," ಎಂದೆ. ನಾನು ಧಾರವಾಡದವಳು. ಅಪ್ಪನ ವಿಮಾ ಕಂಪನಿಯ ವರ್ಗಾವಣೆ ನಮ್ಮನ್ನು ಗುಜರಾತಿಗೆ ತಂದಿತಾದರೂ ನನ್ನ ಮಾತನ್ನು ಬದಲಿಸಲಿಲ್ಲ. "ನಿಮ್ಮ ಮಗಳು ಇನ್ನೂ ಅವನ ಹೆಂಡ್ತೀನ ಅದಾಳ್ರಿ."

ಗುಜರಾತಿನ ಕೆಲವು ಸಮಾಜಗಳಲ್ಲಿ ಹಿರಿಯರು ಕೂತು, ಕಾಗದ ಬರೆದು, ಗಂಡ ಹೆಂಡಿರನ್ನು ಬೇರೆ ಮಾಡುವ ಪದ್ಧತಿ ಹಿಂದಿನಿಂದಲೂ ಇದೆ. ಅದೇ ಛೂಟಾಛೇಡಾ. ಆ ಸಮಾಜದ ರೂಢಿ ಎಂದು ರುಜುವಾತಾದರೆ ಕಾನೂನು ಅದನ್ನು ಒಪ್ಪುತ್ತದೆ. ನಮ್ಮ ಕರಾವಳಿಯ ಈ ಎರಡು ಕುಟುಂಬಗಳಿಗೆ ಅಂಥ ರೂಢಿ ಎಲ್ಲಿಂದ ಬರಬೇಕು? ಟೀಚರ ಗಂಡನ ಮನೆಯವರು ಸೂರತ್‌ನ ಕತಾರ್‌ಗಾಮ್‌ನಲ್ಲಿ ಬಹಳ ವರ್ಷಗಳಿಂದ ಹೋಟೆಲ್ ನಡೆಸುತ್ತಿದ್ದರು. ಗಿರಾಕಿಗಳು ಕೇಳಿದರೆಂದು ಇಡ್ಲಿಯ ಪಕ್ಕ ಗುಜರಾತಿಗಳ ತಿಂಡಿ ಖಮಣ್ ಇಟ್ಟ ಹಾಗೆ, ಅಕ್ಕಪಕ್ಕದವರ ಛೂಟಾಛೇಡಾವನ್ನೂ ತಮ್ಮದು ಮಾಡಿಕೊಂಡಿದ್ದರು.

ಅದು ನಡೆದ ರೀತಿಯನ್ನು ಟೀಚರ್ ತಲೆ ತಗ್ಗಿಸದೆ ಹೇಳಿದರು. ಮಕ್ಕಳಾಗಲಿಲ್ಲ ಎಂದು ಆಕೆಯನ್ನು ಒಂದರ ಮೇಲೊಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದರು. ಆಕೆಯ ರಿಪೋರ್ಟೆಲ್ಲ ಸರಿಯಿತ್ತು. ಗಂಡನನ್ನೂ ಪರೀಕ್ಷೆ ಮಾಡಬೇಕು ಎಂದು ಡಾಕ್ಟರ್ ಹೇಳಿದಾಗಲೆಲ್ಲ ಡಾಕ್ಟರೇ ಬದಲಾಗುತ್ತಿದ್ದರು. ಕೊನೆಗೊಂದು ಮಧ್ಯಾಹ್ನ, ಊಟದ ಗಿರಾಕಿಗಳು ಹೋದ ಮೇಲೆ, ಹೋಟೆಲಿನ ಮಹಡಿಯ ಹಾಲಿನಲ್ಲಿ ಮೇಜು ಒರೆಸಿ, ಸಮಾಜದ ಹಿರಿಯರನ್ನು ಕೂರಿಸಿದರು. ಗಂಡನ ದೊಡ್ಡಪ್ಪ, ಹೋಟೆಲಿನ ಯಜಮಾನ, ಎಲ್ಲರೆದುರು 'ಬಂಜೆಯನ್ನು ಎಷ್ಟು ಸಮಯ ಇಟ್ಕೊಳ್ಳುದು' ಎಂದ. ನೋಟರಿ ಸೀಲು ಹೊಡೆದ. ಗಂಡ ಕೇಳಿದ್ದು ಒಂದೇ ಮಾತು: 'ದೊಡ್ಡಪ್ಪ, ನಂದು ಎಲ್ಲಿ ಸಹಿ?'

"ಸಹಿ ಆದ ಮೇಲೆ ಕಾಫಿ ಕೊಟ್ರು," ಎಂದರು ಟೀಚರ್. "ನಾನು ಕುಡ್ದೆ. ಅದನ್ನು ನೆನೆದ್ರೆ ನಂಗೆ ಈಗಲೂ ವಾಕರಿಕೆ ಬರುದು."

ಮುಂದಿನ ಮದುವೆಯ ಸೀಸನ್ನಿಗೇ ಗಂಡನಿಗೆ ಊರಿನಿಂದ ಇನ್ನೊಂದು ಹುಡುಗಿಯನ್ನು ತಂದಿದ್ದರು.

ಇಂಥ ಕೇಸಿನಲ್ಲಿ ನಾನು ಮೊದಲು ಹುಡುಕುವುದು ರಾಜಿಯ ದಾರಿಯನ್ನೇ. ಇಬ್ಬರೂ ಒಪ್ಪಿ ಅರ್ಜಿ ಹಾಕಿದರೆ ಮರ್ಯಾದೆಯಿಂದ ಬೇಗ ಮುಗಿಯುತ್ತದೆ. ವಿಚಾರಣೆಗೆ ಇಳಿದರೆ ಮಲಗುವ ಕೋಣೆಯ ಮಾತು ಕಟಕಟೆಗೆ ಬರುತ್ತದೆ. ಹಾಗಾಗಿ ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಅದೆಲ್ಲ ಮುಗಿದದ್ದು ಅಲ್ವಾ ವಕೀಲ್ರೆ? ಪುನಃ ಕೋರ್ಟು ಎಂತಕ್ಕೆ?" ಎಂದ. ಅವನ ಕಷ್ಟ ನನಗೆ ಅರ್ಥವಾಯಿತು. ಈಗ ಕೋರ್ಟಿನಲ್ಲಿ ಡೈವೋರ್ಸ್ ಕೇಳಿದರೆ ಅಂದು ಡೈವೋರ್ಸ್ ಆಗಿರಲಿಲ್ಲ ಎಂದು ಒಪ್ಪಿದಂತೆ. ಮೊದಲನೆಯವಳು ಹೆಂಡತಿಯಾಗಿ ಇರುವಾಗಲೇ ಮಾಡಿದ ಎರಡನೇ ಮದುವೆ ಕಾನೂನಿನ ಕಣ್ಣಿಗೆ ಮದುವೆಯೇ ಅಲ್ಲ.

ಬೇರೆ ದಾರಿ ಇರಲಿಲ್ಲ. ಟೀಚರ್ ಇರುವುದು ವಡೋದರಾದಲ್ಲಾದ್ದರಿಂದ ಅಲ್ಲಿಯ ಕುಟುಂಬ ನ್ಯಾಯಾಲಯದಲ್ಲಿ ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನಕ್ಕೆ ಅರ್ಜಿ ಹಾಕಿದೆ. ಸ್ಟಾಂಪ್ ಪೇಪರ್ ಅಸಿಂಧು ಎಂದು ಘೋಷಿಸಬೇಕೆಂದೂ ಕೇಳಿದೆ. ಜೀವನಾಂಶ ಬೇಡವೆಂದು ಟೀಚರ್ ಮೊದಲೇ ಹೇಳಿಬಿಟ್ಟಿದ್ದರು. ಗಂಡನ ಕಡೆಯಿಂದ ಉತ್ತರ ಬಂತು: ನಮ್ಮ ಸಮಾಜದ ರೂಢಿಯಂತೆ ಬಿಡುಗಡೆ ಆಗಿಹೋಗಿದೆ, ಈಕೆ ಹೆಂಡತಿಯೇ ಅಲ್ಲ, ಅರ್ಜಿ ನಿಲ್ಲುವುದಿಲ್ಲ. ನ್ಯಾಯಾಧೀಶರು ಮುಖ್ಯ ವಿವಾದಾಂಶ ಬರೆದರು: ಅಂಥ ರೂಢಿ ಇದೆಯೇ? ರುಜುವಾತು ಮಾಡುವ ಹೊಣೆ ಗಂಡನದು.

ಆಮೇಲೆ ಶುರುವಾಯಿತು ವಾಯಿದೆಗಳ ಕಾಟ. ಬೆಳಗಿನ ರೈಲಿಗೆ ವಡೋದರಾಕ್ಕೆ ಹೋಗುವುದು, ಅವರ ವಕೀಲರಿಗೆ ಜ್ವರ ಎಂದು ಕೇಳಿ ಸಂಜೆ ಮರಳುವುದು. ಜ್ವರ ಬಿಟ್ಟರೆ ಗಂಡನ ಬೆನ್ನುನೋವು, ಬೆನ್ನುನೋವು ಬಿಟ್ಟರೆ ದೊಡ್ಡಪ್ಪನ ತೀರ್ಥಯಾತ್ರೆ. ಆ ಮನುಷ್ಯ ನಮ್ಮ ಕೇಸಿನ ಪುಣ್ಯದಿಂದ ಇಡೀ ದೇಶದ ದೇವಸ್ಥಾನ ಸುತ್ತಿಬಂದ.

ಟೀಚರ ಪಾಟಿಸವಾಲಿನ ದಿನ ಮುಚ್ಚಿದ ಬಾಗಿಲೊಳಗೆ ವಿಚಾರಣೆ ಆಗಲಿ ಎಂದು ಕೇಳಿಕೊಂಡೆ, ನ್ಯಾಯಾಧೀಶರು ಒಪ್ಪಿದರು. ಬಾಗಿಲು ಮುಚ್ಚಿದ್ದೇ ಎದುರಿನ ವಕೀಲನಿಗೆ ಹಬ್ಬವಾಯಿತು. ತಿಂಗಳ ದಿನಗಳು, ಹಾಸಿಗೆ, ಯಾವ ಡಾಕ್ಟರ್ ಎಲ್ಲಿ ಮುಟ್ಟಿ ನೋಡಿದರು, ಒಂದನ್ನೂ ಬಿಡಲಿಲ್ಲ. ಕೇಳುವಾಗ ಒಂದು ಬಗೆಯ ನಗು ಅವನ ತುಟಿಯ ಮೇಲಿತ್ತು. ನಾನು ಆಕ್ಷೇಪಿಸಿದಾಗಲೆಲ್ಲ, "ಮ್ಯಾಡಮ್, ಕ್ರೌರ್ಯ ಅಂದವರು ನೀವೇ ಅಲ್ಲವೇ?" ಎನ್ನುವನು. ಥೂ! ಇದೇ ವೃತ್ತಿಯಲ್ಲಿ ನಾನೂ ಅನ್ನ ತಿನ್ನುತ್ತೇನಲ್ಲ ಎಂದು ಆ ಹೊತ್ತಿಗೆ ಅನಿಸಿತು.

ಟೀಚರ್ ಮಾತ್ರ ಅಳುಕಲಿಲ್ಲ. ಗುಜರಾತಿಯಲ್ಲಿ, ತರಗತಿಯಲ್ಲಿ ಲೆಕ್ಕ ಬಿಡಿಸಿದಷ್ಟು ಸ್ಪಷ್ಟವಾಗಿ ಉತ್ತರಿಸಿದರು. ಅದರಿಂದ ರೇಗಿದ ವಕೀಲ ಕೊನೆಗೆ ಶಾಲೆಯ ಮೇಷ್ಟ್ರ ವಿಷಯ ಎತ್ತಿದ. "ಗಂಡ ಬದುಕಿರುವಾಗಲೇ ಪರಪುರುಷನ ಜೊತೆ ಓಡಾಡುತ್ತಿದ್ದೀರಿ, ಸರಿಯೇ?"

ನಾನು ಎದ್ದು ನಿಂತೆ. "ಸಾಹೇಬರೇ, ತಮ್ಮ ಕಕ್ಷಿದಾರ ಈಕೆಯ ಗಂಡ ಅಂತ ಎದುರು ಪಕ್ಷದವರು ಈಗ ಒಪ್ಪಿಕೊಂಡರು. ದಾಖಲಾಗಲಿ."

ನ್ಯಾಯಾಧೀಶರು ಟೈಪ್ ಮಾಡುತ್ತಿದ್ದ ಸ್ಟೆನೋನ ಕಡೆ ನೋಡಿದರು. ವಕೀಲ ಪ್ರಶ್ನೆ ಹಿಂತೆಗೆದುಕೊಂಡ. ಟೀಚರ್ ಹೊರಗೆ ಬಂದು ನಲ್ಲಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದರು. ಅವರ ತಂದೆ ಪಕ್ಕದಲ್ಲಿ ಟವೆಲು ಹಿಡಿದು ನಿಂತಿದ್ದರು.

ಗಂಡ ಸಾಕ್ಷಿಕಟ್ಟೆ ಹತ್ತಲೇ ಇಲ್ಲ. ಅವನ ಪರವಾಗಿ ದೊಡ್ಡಪ್ಪ ಬಂದ. ಹಣೆಗೆ ಗಂಧ, ಇಸ್ತ್ರಿ ಮಾಡಿದ ಬಿಳಿ ಅಂಗಿ. ದೇವರ ಮೇಲೆ ಪ್ರಮಾಣ ಮಾಡಿ, "ಈ ಪದ್ಧತಿ ನಮ್ಮಲ್ಲಿ ತಲೆತಲಾಂತರದಿಂದ ಉಂಟು" ಎಂದ. ಕನ್ನಡದಲ್ಲೇ ಹೇಳುತ್ತೇನೆಂದು ಹಟ ಹಿಡಿದ. ನ್ಯಾಯಾಲಯ ಗೊತ್ತುಮಾಡಿದ ಬ್ಯಾಂಕಿನ ನಿವೃತ್ತ ಕನ್ನಡಿಗರೊಬ್ಬರು ಅದನ್ನು ಗುಜರಾತಿಗೆ ಹೇಳುತ್ತಿದ್ದರು.

ಪಾಟಿಸವಾಲಿಗೆ ಎದ್ದೆ. ನಿಮ್ಮ ಊರಿನಲ್ಲಿ ಹೀಗೆ ಬಿಡುಗಡೆಯಾದ ಒಬ್ಬರ ಹೆಸರು ಹೇಳಿ ಎಂದೆ. ನೆನಪಿಲ್ಲ ಎಂದ. ಪಕ್ಕದ ಊರಿನಲ್ಲಿ? ಇರಬಹುದು ಎಂದ. ಈ ಉತ್ತರಗಳು ಸಾಲುವುದಿಲ್ಲ, ಅಪೀಲಿನಲ್ಲಿ ಜಾರಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು. ಆಗ ಟೀಚರ್ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಈ ದೊಡ್ಡಪ್ಪನ ತಂಗಿಯೊಬ್ಬಳು ಗಂಡನನ್ನು ಬಿಟ್ಟು ಬಂದು, ಮತ್ತೊಂದು ಮದುವೆಗೂ ದಾರಿಯಿಲ್ಲದೆ, ತವರಿನ ಅಡುಗೆಮನೆಯಲ್ಲೇ ಮುದುಕಿಯಾಗಿದ್ದಳು.

"ನಿಮ್ಮ ತಂಗಿ ಗಂಡನ್ನ ಬಿಟ್ಟು ಬಂದು ತವರಿನಾಗ ಅದಾರ, ಹೌದಲ್ರಿ?"

"ಹೌದು."

"ತಲೆತಲಾಂತರದ ಪದ್ಧತಿ ಇತ್ತಲ್ಲ? ಮತ್ತ ನಿಮ್ಮ ತಂಗಿಗೆ ಯಾಕ ಒಂದು ಸ್ಟಾಂಪ್ ಪೇಪರ್ ತರಲಿಲ್ಲ?"

ಅವನಿಗೆ ಸಿಟ್ಟು ಬಂತು. ತಂಗಿಯ ಮಾತೆತ್ತಿದ್ದೇ ತಪ್ಪೆಂಬಂತೆ, "ಅವಳ ಕಾಲಕ್ಕೆ ನಾವು ಸೂರತ್‌ಗೆ ಬಂದಿರ್ಲೇ ಇಲ್ಲ ಅಲ್ವಾ!" ಎಂದ.

ಬ್ಯಾಂಕಿನವರು ಅದನ್ನು ಗುಜರಾತಿಯಲ್ಲಿ ಹೇಳಿದರು. ಎದುರಿನ ವಕೀಲ ಫೈಲಿನೊಳಗೆ ಮುಖ ಹುದುಗಿಸಿದ. ದೊಡ್ಡಪ್ಪನಿಗೆ ತಾನೇನು ಹೇಳಿದೆ ಎಂದು ಕಟ್ಟೆ ಇಳಿಯುವವರೆಗೂ ಹೊಳೆಯಲಿಲ್ಲ. ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಕೂತೆ.

ಮರುವಾರವೇ ಅವರಿಂದ ರಾಜಿಯ ಮಾತು ಬಂತು. ಇಬ್ಬರೂ ಒಪ್ಪಿ ಡೈವೋರ್ಸ್ ಪಡೆಯೋಣ, ಬಹುಕಾಲದಿಂದ ದೂರ ಇರುವುದರಿಂದ ಕಾಯುವ ಅವಧಿಯನ್ನು ಮನ್ನಾ ಮಾಡಿಸೋಣ, ಕೆಲವೇ ವಾರಗಳಲ್ಲಿ ಕೆಲಸ ಮುಗಿಯುತ್ತದೆ. ಕರಡು ನೋಡಲು ಸೂರತ್‌ಗೆ ಬನ್ನಿ ಎಂದರು. ಆ ಹಾಲಿಗೆ ಕಾಲಿಡುವುದಿಲ್ಲ ಎಂದರು ಟೀಚರ್. ನಾನೂ ಅವರ ತಂದೆಯೂ ಹೋದೆವು.

ವರಾಛಾದ ವಜ್ರದ ಕಾರ್ಖಾನೆಗಳಿಂದ ಊಟಕ್ಕೆ ಬಿಟ್ಟ ಜನರ ಗದ್ದಲ ದಾಟಿ ಕತಾರ್‌ಗಾಮ್ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅದೇ ಮಹಡಿ, ಅದೇ ಒರೆಸಿದ ಮೇಜುಗಳು. ದೊಡ್ಡಪ್ಪ ಕರಡಿಗಿಂತ ಮೊದಲು ಒಳಗಿನಿಂದ ಒಂದು ಹುಡುಗಿಯನ್ನು ಕರೆದ. ಇಪ್ಪತ್ತೈದೂ ಇರಲಾರದು. ಅವಳೇ ಎರಡನೆಯವಳು.

"ಇವಳ ಮುಖ ನೋಡಿ ವಕೀಲ್ರೆ," ಎಂದ. "ಈ ಪಾಪದ ಹೆಣ್ಣಿನ ಬಾಳು ಹಾಳು ಮಾಡ್ಲಿಕ್ಕೆ ನಿಮ್ಗೆ ಮನಸ್ಸು ಬರ್ತದಾ?"

ಅಂಗಡಿಯ ಮುಂದೆ ಬೊಂಬೆ ನಿಲ್ಲಿಸಿದ ಹಾಗೆ ಅವಳನ್ನು ನಿಲ್ಲಿಸಿದ್ದ. ಗಂಡ ಅನ್ನಿಸಿಕೊಂಡವನು ಅಲ್ಲೇ ಕೂತು ಮೊಬೈಲ್ ನೋಡುತ್ತಿದ್ದ. ನನ್ನ ಮೈ ಉರಿಯಿತು. ಆದರೂ ಕರಡು ಓದಿದೆ. ಆರೋಪಗಳನ್ನೆಲ್ಲ ಹಿಂತೆಗೆದುಕೊಂಡಿದ್ದರು. ಒಂದು ಪ್ಯಾರಾ ಮಾತ್ರ ವಿಚಿತ್ರವಾಗಿತ್ತು: ಇಬ್ಬರೂ ಸಮಾಜದ ರೂಢಿಯಂತೆ ಹಿಂದೆಯೇ ಬೇರೆಯಾಗಿದ್ದಾರೆ, ಹೆಚ್ಚಿನ ಭದ್ರತೆಗಾಗಿ ಮಾತ್ರ ಈಗ ಈ ಡಿಕ್ರಿ ಕೇಳುತ್ತಿದ್ದಾರೆ.

ಅವರಿಗೆ ಮುಖ ಉಳಿಸಿಕೊಳ್ಳಬೇಕು, ಉಳಿಸಿಕೊಳ್ಳಲಿ ಎಂದುಕೊಂಡೆ. ಟೀಚರಿಗೆ ಅದರಿಂದ ನಷ್ಟವಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅವರ ತಂದೆಗೆ, "ಆಗಬಹುದು ನೋಡ್ರಿ. ಗೆದ್ದರೂ ಅಪೀಲು ಹಾಕ್ತಾರ, ವರ್ಷಗಟ್ಟಲೆ ಎಳೀತಾರ. ಮುಗಿಸೋದು ಚಲೋ," ಎಂದೆ. ಅವರು ಕಣ್ಣು ಒರೆಸಿಕೊಂಡರು.

ಕೈ ತೊಳೆಯಲು ಹಿಂದಿನ ಬೇಸಿನ್ನಿಗೆ ಹೋದಾಗ ಆ ಹುಡುಗಿ ಟವೆಲು ಕೊಡುವ ನೆಪದಲ್ಲಿ ಬಂದಳು.

"ಮ್ಯಾಡಮ್, ಆ ಅಕ್ಕನಿಗೂ ಇಂಜೆಕ್ಷನ್ ಕೊಡಿಸ್ತಿದ್ರಾ?"

ನಾನು ನಲ್ಲಿ ನಿಲ್ಲಿಸಿದೆ.

"ನಂಗೂ ಕೊಡಿಸ್ತಾರೆ. ಮೂರನೇ ಡಾಕ್ಟರ್ ಈಗ. ನಂದೆಲ್ಲ ಸರಿ ಉಂಟಂತೆ. ಇವ್ರನ್ನು ಕರ್ಕೊಂಡು ಬನ್ನಿ ಅಂದ್ರೆ ಬರುದಿಲ್ಲ. ಮೊನ್ನೆ ದೊಡ್ಡಪ್ಪ ಬಂಜೆ ಅಂದ್ರು." ಧ್ವನಿ ಇನ್ನೂ ತಗ್ಗಿಸಿದಳು. "ನಂಗೆ ಊರಿಗೆ ಹೋಗ್ಬೇಕು. ಬಿಡುಗಡೆ ಇಲ್ಲದೆ ಬಂದ್ರೆ ಸೇರಿಸುದಿಲ್ಲ ಅಂತ ಅಣ್ಣ ಹೇಳ್ತಾನೆ. ನನ್ನನ್ನೂ ಈ ಹಾಲಿನಲ್ಲೇ ಕೂರಿಸ್ತಾರಾ?"

ನಾನು ಎದುರು ಪಕ್ಷದ ವಕೀಲಳು. ಅವಳಿಗೆ ಸಲಹೆ ಕೊಡುವ ಹಾಗಿಲ್ಲ. "ನೀ ಬ್ಯಾರೆ ವಕೀಲರನ್ನ ನೋಡವ್ವಾ, ಮೊದಲ ಅದನ್ನ ಮಾಡು," ಎಂದಷ್ಟೇ ಹೇಳಿದೆ. ಹೊರಗೆ ಬಂದಾಗ ಕಾಫಿ ಇಟ್ಟಿದ್ದರು. ನಾನು ಮುಟ್ಟಲಿಲ್ಲ.

ವಾಪಸ್ ರೈಲಿನಲ್ಲಿ ಆ ಪ್ಯಾರಾವನ್ನು ಮತ್ತೆ ಓದಿದೆ. ಈಗ ಅದರಲ್ಲಿ ವಿಚಿತ್ರ ಏನೂ ಉಳಿದಿರಲಿಲ್ಲ. ಆ ಮಾತಿಲ್ಲದೆ ಡಿಕ್ರಿ ಆದರೆ, ಇಂದಿನವರೆಗೂ ಟೀಚರೇ ಹೆಂಡತಿ ಎಂದಾಗುತ್ತದೆ, ಎರಡನೆಯ ಮದುವೆ ಮೊದಲಿನಿಂದಲೇ ಇಲ್ಲವಾಗುತ್ತದೆ, ಆ ಹುಡುಗಿ ಯಾರ ಸಹಿಯೂ ಇಲ್ಲದೆ ಎದ್ದು ಹೋಗಬಹುದು. ಆ ಮಾತಿನ ಕೆಳಗೆ ಮೊದಲನೆಯ ಹೆಂಡತಿಯೇ ಸಹಿ ಮಾಡಿದರೆ, ಹುಡುಗಿಯ ಬಾಗಿಲಿಗೆ ಬೀಗ ಬೀಳುತ್ತದೆ. ನಾಳೆ ಅವಳು ಯಾವ ಕೋರ್ಟಿಗೆ ಹೋದರೂ ಅವರು ಈ ಕಾಗದವನ್ನೇ ತೋರಿಸುತ್ತಾರೆ. ಬಾಳು ಹಾಳು ಮಾಡಬೇಡಿ ಎಂದು ಅವಳನ್ನೇ ಮುಂದೆ ನಿಲ್ಲಿಸಿ, ಅವಳ ಬೀಗದ ಕೈಯನ್ನೇ ಕಿತ್ತುಕೊಳ್ಳುತ್ತಿದ್ದರು. ಅದನ್ನು ಓದಿಯೂ ನಾನು ಆಗಬಹುದು ಅಂದಿದ್ದೆ!

ವಡೋದರಾದಲ್ಲಿ ಇಳಿದು ಸೀದಾ ಟೀಚರ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. "ನಿರ್ಧಾರ ನಿಮ್ಮದರಿ. ಇದಕ್ಕ ಸಹಿ ಮಾಡಿದ್ರ ಕೆಲವೇ ವಾರದಾಗ ನೀವು ಬಿಡುಗಡೆ. ಈ ಪ್ಯಾರಾ ಹೊಡದ್ರ ಅವರು ರಾಜಿ ಮುರೀತಾರ. ತೀರ್ಪು ನಮ್ಮ ಕಡೆ ಆದರೂ ಅಪೀಲು ಮುಗಿಯೋತನಕ ನೀವು ಮದುವಿ ಆಗೋ ಹಂಗಿಲ್ಲ."

ತಂದೆ ಸಿಡಿದರು. "ಆ ಹುಡುಗಿ ನಮಗೆ ಯಾರು? ಇವಳ ಕಷ್ಟಕ್ಕೆ ಯಾರು ಬಂದಿದ್ರು? ಮೇಷ್ಟ್ರು ಎಷ್ಟು ಸಮಯ ಕಾಯ್ಲಿಕ್ಕೆ ಉಂಟು?"

ಟೀಚರ್ ಮೇಷ್ಟ್ರಿಗೆ ಫೋನ್ ಮಾಡಲು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಂದು ಕರಡು ಎಳೆದುಕೊಂಡರು.

"ಅಪ್ಪ, ಅವತ್ತು ನಾನು ಸಹಿ ಮಾಡುವಾಗ ಅಡುಗೆಮನೆ ಬಾಗಿಲಲ್ಲಿ ಹೆಂಗಸರೆಲ್ಲ ನಿಂತು ನೋಡ್ತಿದ್ರು. ಒಬ್ಬಳಾದ್ರೂ ಬೇಡ ಅಂದಿದ್ರೆ ನಾನು ಮಾಡ್ತಿರ್ಲಿಲ್ಲ." ಮಕ್ಕಳ ಪಟ್ಟಿ ತಿದ್ದುವ ಕೆಂಪು ಪೆನ್ನಿನಿಂದ ಇಡೀ ಪ್ಯಾರಾದ ಮೇಲೆ ಗೀಟು ಎಳೆದರು. "ಮೇಷ್ಟ್ರು ಕಾಯ್ತಾರಂತೆ. ಕಾಯದಿದ್ರೂ ನಾನು ಇದೇ ಮಾಡ್ತಿದ್ದೆ."

ನಿರೀಕ್ಷೆಯಂತೆ ರಾಜಿ ಮುರಿಯಿತು. ವಾದ ನಡೆಯಿತು, ತೀರ್ಪು ಬಂತು. ರೂಢಿ ರುಜುವಾತಾಗಿಲ್ಲ, ಸ್ಟಾಂಪ್ ಪೇಪರಿಗೆ ಬೆಲೆಯಿಲ್ಲ, ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ನೀಡಲಾಗಿದೆ. ದೊಡ್ಡಪ್ಪನ 'ಸೂರತ್‌ಗೆ ಬಂದಿರಲಿಲ್ಲ' ಎಂಬ ಮಾತನ್ನು ನ್ಯಾಯಾಧೀಶರು ಅವನ ಬಾಯಿಂದ ಬಂದಂತೆಯೇ ತೀರ್ಪಿನಲ್ಲಿ ಬರೆಸಿದ್ದರು. ಟೀಚರ್ ತೀರ್ಪಿನ ಪ್ರತಿಯನ್ನು ಆ ಹುಡುಗಿಗೆ ತಲುಪಿಸಿದರು. ಅವಳು ಅದನ್ನು ಊರಿನ ವಕೀಲರೊಬ್ಬರಿಗೆ ಫೋನಿನಲ್ಲಿ ಕಳಿಸಿದಳು; ಮದುವೆಯೇ ಇಲ್ಲದ ಮೇಲೆ ಬಿಡುಗಡೆಯೂ ಬೇಕಿಲ್ಲ ಎಂದು ಅವರು ಹೇಳಿದರು. ಅವಳ ಅಣ್ಣ ಬಂದು ಸೂರತ್‌ನಿಂದ ಕರೆದುಕೊಂಡು ಹೋದ.

ಗಂಡನ ಕಡೆಯವರು ಅಹಮದಾಬಾದಿನಲ್ಲಿ ಹೈಕೋರ್ಟಿಗೆ ಅಪೀಲು ಹಾಕಿದರು. ಹುಡುಗಿ ಮನೆ ಸೇರಿದಳು, ಟೀಚರ್ ಮಾತ್ರ ಅಲ್ಲೇ ಸಿಕ್ಕಿಕೊಂಡರು. ಅಪೀಲಿನ ವಾಯಿದೆಗಳು ಮತ್ತೆ ಮುಂದಕ್ಕೆ ಹೋಗತೊಡಗಿದವು. ಮೇಷ್ಟ್ರು ಒಂದು ಸಲ ನನ್ನ ಆಫೀಸಿಗೆ ಬಂದು, ಏನೂ ಕೇಳದೆ, ನೀರು ಕುಡಿದು ಹೋದರು.

ಆಗ ಆ ಗಂಡನ ಬಯೋಡೇಟಾ ಬಂತು. ಗುಜರಾತಿನಲ್ಲಿರುವ ನಮ್ಮ ಕಡೆಯವರು ಹೆಣ್ಣು ಗಂಡು ಹುಡುಕಲು ಮಾಡಿಕೊಂಡ ವಾಟ್ಸಾಪ್ ಗುಂಪಿನಲ್ಲಿ, ಕೋಟು ಹಾಕಿದ ಫೋಟೋದ ಸಮೇತ. 'ಸ್ವಂತ ಹೋಟೆಲ್. ಇನೋಸೆಂಟ್ ಡೈವೋರ್ಸಿ. ಯಾವುದೇ ಜವಾಬ್ದಾರಿ ಇಲ್ಲ. ಬಡವರ ಮನೆಯ ಹೆಣ್ಣಾದರೂ ಆದೀತು.' ಮೂರನೆಯವಳನ್ನು ಹುಡುಕುತ್ತಿದ್ದರು! ಅಯ್ಯೋ ಶಿವನೇ, ಇವರಿಗೆ ನಾಚಿಕೆ ಎಂಬುದು ಹುಟ್ಟಿನಿಂದಲೇ ಇರಲಿಲ್ಲವೇ?

ಟೀಚರ ತಂದೆಯೂ ಆ ಗುಂಪಿನಲ್ಲಿದ್ದರು. ಅವರ ಫೋನಿನಿಂದ ಟೀಚರ್ ನನ್ನನ್ನು ಕೇಳದೆಯೇ ಬರೆದರು: 'ನಾನು ಈ ಹುಡುಗನ ಹೆಂಡತಿ. ಕೋರ್ಟು ನನಗೆ ಡೈವೋರ್ಸ್ ಕೊಟ್ಟಿದೆ, ಅದು ಬೇಡ ಎಂದು ಅಪೀಲು ಹಾಕಿದವರು ಇವರೇ. ಅಪೀಲು ಮುಗಿಯುವವರೆಗೆ ಇವರು ಮದುವೆ ಆಗುವ ಹಾಗಿಲ್ಲ. ಹೆಣ್ಣು ಕೊಡುವವರು ಮೊದಲು ಹುಡುಗನ ಡಾಕ್ಟರ್ ರಿಪೋರ್ಟ್ ಕೇಳಿ.'

ದೊಡ್ಡಪ್ಪನ ಫೋನು ಮರುದಿನ ಬೆಳಿಗ್ಗೆಯೇ ಬಂತು. ಆ ದನಿಯಲ್ಲಿ ಗಂಧವೂ ಇರಲಿಲ್ಲ, ಇಸ್ತ್ರಿಯೂ ಇರಲಿಲ್ಲ. "ವಕೀಲ್ರೆ, ಮರ್ಯಾದೆ ಹೋಯ್ತು. ಊರಿಂದೆಲ್ಲ ಫೋನು ಬರ್ತಾ ಉಂಟು. ಆ ಮೆಸೇಜ್ ಡಿಲೀಟ್ ಮಾಡಿಸಿ. ಅಪೀಲು ವಾಪಸ್ ತೆಗೀತೇವೆ."

ಟೀಚರಿಗೆ ಹೇಳಿದೆ. "ಮೊದಲು ಅಪೀಲು ವಾಪಸ್ ಆಗ್ಲಿ. ಆಮೇಲೆ ಡಿಲೀಟ್ ಮಾಡ್ತೇನೆ," ಎಂದರು.

ದೊಡ್ಡಪ್ಪ ಒಪ್ಪಿದ. ವಾಯಿದೆಗೆ ಮುಂಚೆಯೇ ಕೇಸನ್ನು ಹೈಕೋರ್ಟಿನ ವಿಚಾರಣೆಯ ಪಟ್ಟಿಗೆ ತರಿಸಿದ. ಇಷ್ಟು ದಿನ ಬಾರದ ಅವಸರ ಅವನ ವಕೀಲನಿಗೂ ಬಂತು. ಅಪೀಲು ವಾಪಸಾಗಿ, ಡಿಕ್ರಿ ಅಂತಿಮವಾಗಿ, ಟೀಚರೂ ಮೇಷ್ಟ್ರೂ ಅದೇ ಕೌಂಟರಿನಲ್ಲಿ ಮದುವೆ ನೋಂದಾಯಿಸಿದರು. ನಾನು ಸಾಕ್ಷಿಯಾಗಿ ಸಹಿ ಹಾಕಿದೆ.

ಹೊರಗೆ ಬಂದ ಮೇಲೆ ಟೀಚರ್ ತಂದೆಯ ಫೋನು ಇಸಿದುಕೊಂಡು, ಕೊಟ್ಟ ಮಾತಿನಂತೆ, ನನ್ನೆದುರೇ ಆ ಮೆಸೇಜನ್ನು ಡಿಲೀಟ್ ಮಾಡಿದರು. ಅಷ್ಟು ಹಳೆಯ ಮೆಸೇಜು ಡಿಲೀಟ್ ಮಾಡಿದವರ ಫೋನಿನಿಂದ ಮಾತ್ರ ಹೋಗುತ್ತದೆ, ಉಳಿದವರೆಲ್ಲರ ಫೋನಿನಲ್ಲೂ ಹಾಗೆಯೇ ಇರುತ್ತದೆ. ಟೀಚರಿಗೆ ಅದು ಮೊದಲೇ ಗೊತ್ತಿತ್ತು. ದೊಡ್ಡಪ್ಪನಿಗೆ ಗೊತ್ತಿರಲಿಲ್ಲ.